9 ಮೀಟರ್ ಲೈಟ್ ಕಂಬ: ಬೇಸ್ ಪ್ಲೇಟ್ ಕೆಳಗಿನ ಸಂದಿ ಮುಚ್ಬೇಕಾ, ಹಾಗೇ ಬಿಡ್ಬೇಕಾ?

ತಗಡು ಟೋಪಿ

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದೋನು, ಸಿವಿಲ್ ಅಷ್ಟಕ್ಕಷ್ಟೆ, ಆದ್ರೆ ಸೈಟಲ್ಲಿ ಇರೋದು ನಾನೊಬ್ನೇ ಆಗಿರೋದ್ರಿಂದ ಎಲ್ಲಾ ನನ್ನ ತಲೆಗೇ ಬಂದು ಬೀಳುತ್ತೆ. ದೊಡ್ಡಬಳ್ಳಾಪುರ ಕಡೆ ಹೊಸ ಲೇಔಟು, 64 ಬೀದಿ ದೀಪದ ಕಂಬ. 9 ಮೀಟರ್ ಆಕ್ಟಗನಲ್, ಬುಡ 155, ತುದಿ 70, ಶೀಟ್ 3 ಎಂಎಂ, ಗ್ಯಾಲ್ವನೈಸ್ ಆಗಿರೋದು. ಡ್ರಾಯಿಂಗಲ್ಲಿ ಬೇಸ್ ಪ್ಲೇಟ್ (ಕಂಬದ ಬುಡದ ಉಕ್ಕಿನ ತಟ್ಟೆ) 260 ಬೈ 260, ದಪ್ಪ 16, ನಾಲ್ಕು ಎಂ24 ಫೌಂಡೇಶನ್ ಬೋಲ್ಟು, 750 ಉದ್ದ, ಪಿಸಿಡಿ (ಬೋಲ್ಟುಗಳು ಕೂರೋ ವೃತ್ತದ ವ್ಯಾಸ) 270.

ಈಗ ಕಥೆ ಏನಾಗಿದೆ ಅಂದ್ರೆ 22 ಫೌಂಡೇಶನ್ ಕಾಂಕ್ರೀಟ್ ಆಗೋಗಿದೆ. ಮೇಸ್ತ್ರಿ ಬೋಲ್ಟನ್ನ 150 ಎಂಎಂ ಮೇಲಕ್ಕೆ ಬಿಟ್ಟಿದಾರೆ, ಆದ್ರೆ ಬೋಲ್ಟಲ್ಲಿ ಥ್ರೆಡ್ ಇರೋದೇ 100. ಅಂದ್ರೆ ಕೆಳಗಿನ ನಟ್ ಕಾಂಕ್ರೀಟಿಂದ 50 ಎಂಎಂ ಮೇಲೇ ನಿಂತ್ಬಿಡುತ್ತೆ, ಅದ್ರ ಮೇಲೆ ವಾಷರು, ಅದ್ರ ಮೇಲೆ ಪ್ಲೇಟು, ಒಟ್ಟು ಪ್ಲೇಟ್ ಕೆಳಗೆ ಹತ್ರ ಹತ್ರ 75 ಎಂಎಂ ಖಾಲಿ. ಕೈ ಹಾಕಿದ್ರೆ ಈ ಕಡೆಯಿಂದ ಆ ಕಡೆಗೆ ಹೋಗುತ್ತೆ. ಮೇಸ್ತ್ರಿ "ಗಾರೆ ತುಂಬಿ ಬಿಡೋಣ ಸಾ, ಏನೂ ಆಗಲ್ಲ" ಅಂತಾರೆ. ಕನ್ಸಲ್ಟೆಂಟ್ ಕಡೆಯೋರು ಫೋನಲ್ಲಿ "ಗ್ರೌಟ್ ಬೇಡ, ಓಪನ್ ಇರ್ಲಿ" ಅಂದ್ರು, ಕಾರಣ ಕೇಳಿದ್ರೆ ಕಾಲ್ ಕಟ್. ಯಾರ ಮಾತು ಕೇಳ್ಲಿ?

ಇನ್ನೊಂದು, ಇವತ್ತು ಕಂಬದ ಲಾರಿ ಬಂತು, ಸುಮ್ನೆ ವರ್ನಿಯರ್ ಇಟ್ಟು ನೋಡಿದೆ, ಪ್ಲೇಟ್ 12 ಎಂಎಂ ಇದೆ!! ಸಪ್ಲೈಯರ್‌ಗೆ ಕೇಳಿದ್ರೆ "12 ಸಾಕು, ಬೇಕಾದ್ರೆ ನಾಲ್ಕು ಕಡೆ ಕಂಬಕ್ಕೂ ಪ್ಲೇಟಿಗೂ ಆಸರೆಯಾಗೋ ತ್ರಿಕೋನದ ಗಸೆಟ್ ವೆಲ್ಡ್ ಮಾಡಿ ಕೊಡ್ತೀವಿ, ಇನ್ನೂ ಗಟ್ಟಿ ಆಗುತ್ತೆ" ಅಂತಾನೆ. ಒಪ್ಕೋಬಹುದಾ?

ಪೀಣ್ಯ ಸೆಕೆಂಡ್ ಸ್ಟೇಜ್

ಗುರು, ದಪ್ಪ ಆಮೇಲೆ. ಮೊದ್ಲು ಒಂದು ಕಂಬ ಉರುಳಿಸಿ ಪ್ಲೇಟಿನ ತಳಭಾಗ ನೋಡು. ನಾನು ಇದೇ ಕೆಲ್ಸದಲ್ಲಿ ಇರೋನು, ಹೇಳ್ತೀನಿ ಕೇಳು. ಈ ಕಂಬಗಳಲ್ಲಿ ಪ್ಲೇಟಿಗೆ ಮಧ್ಯ ಎಂಟು ಮೂಲೆ ತೂತು ಕೊಯ್ದು ಟ್ಯೂಬನ್ನ ಅದ್ರೊಳಗೆ ತೂರಿಸ್ತೀವಿ, ಆಮೇಲೆ ಮೇಲೊಂದು ಸುತ್ತು ಫಿಲೆಟ್ ವೆಲ್ಡು, ಕೆಳಗೊಂದು ಸುತ್ತು. ಮೇಲಿನದ್ದು ಎಲ್ರಿಗೂ ಕಾಣುತ್ತೆ ಅಂತ ಚೆನ್ನಾಗಿ ಎಳೀತಾರೆ. ಕೆಳಗಿನದ್ದು ಕಂಬ ನಿಂತ್ಮೇಲೆ ಯಾರು ನೋಡ್ತಾರೆ? ಒಂದೊಂದು ಇಂಚು ನಾಲ್ಕು ಕಡೆ ಟ್ಯಾಕ್ ಹಾಕಿ ಜಿಂಕಿಗೆ ಕಳಿಸೋರು ಇದಾರೆ. ಜಿಂಕ್ ಹತ್ತಿದ್ಮೇಲೆ ಸಣ್ಣ ಸಂದಿ ಎಲ್ಲಾ ಮುಚ್ಚೋಗಿ ನೋಡೋಕೆ ಪೂರ್ತಿ ವೆಲ್ಡ್ ಇದ್ದಂಗೇ ಇರುತ್ತೆ, ಅದಕ್ಕೇ ಕಣ್ಣಲ್ಲಿ ನೋಡಿದ್ರೆ ಸಾಲದು, ಬೆರಳಾಡಿಸು. ವೆಲ್ಡ್ ಇದ್ರೆ ಉಬ್ಬು ಸಿಗುತ್ತೆ, ಇಲ್ದಿದ್ರೆ ಚೂಪು ಮೂಲೆ ಸಿಗುತ್ತೆ.

ಗಸೆಟ್ ಅಂದ್ನಲ್ಲ, ಬೇಡವೇ ಬೇಡ. ಕಂಬ ಆಗ್ಲೇ ಗ್ಯಾಲ್ವನೈಸ್ ಆಗಿ ಬಂದಿದೆ, ಈಗ ಅದ್ರ ಮೇಲೆ ವೆಲ್ಡ್ ಹೊಡೆದ್ರೆ ಅಲ್ಲಿ ಜಿಂಕ್ ಸುಟ್ಟು ಬಿಳಿ ಹೊಗೆ ಬರುತ್ತೆ, ಆಮೇಲೆ ಸಿಲ್ವರ್ ಪೇಂಟ್ ಬಳಿದು ಕೊಡ್ತಾರೆ. ಎರಡು ಮಳೆಗಾಲಕ್ಕೆ ಕಂದು ಕಂಬ ರೆಡಿ.

ಲೆಕ್ಕದ ಮೇಷ್ಟ್ರು

ಮಧ್ಯಾಹ್ನ ಊಟ ಆದ್ಮೇಲೆ ನಿಮ್ಮ ಅಳತೆ ಇಟ್ಕೊಂಡು ಹಾಳೆ ಮೇಲೆ ಗೀಚಿದೆ, ತಪ್ಪಿದ್ರೆ ಯಾರಾದ್ರೂ ತಿದ್ದಿ.

ಐಎಸ್ 875 ಭಾಗ 3ರಲ್ಲಿ (ಗಾಳಿ ಭಾರದ ಭಾರತೀಯ ಕೋಡ್) ಬೆಂಗಳೂರಿಗೆ ಗಾಳಿ ವೇಗ ಸೆಕೆಂಡಿಗೆ 33 ಮೀಟರ್. ದೊಡ್ಡಬಳ್ಳಾಪುರಕ್ಕೂ ಅದನ್ನೇ ಹಿಡ್ದೆ. ವೇಗದ ವರ್ಗಕ್ಕೆ 0.6 ಗುಣಿಸಿದ್ರೆ ಚದರ ಮೀಟರಿಗೆ ಸುಮಾರು 650 ನ್ಯೂಟನ್. ಕಂಬದ ಮೈ ಒಟ್ಟು 1 ಚದರ ಮೀಟರ್ ಅಷ್ಟೆ, ಆಕಾರಕ್ಕೆ 1.2 ಹಿಡಿದ್ರೆ ಗಾಳಿಯ ಬಲ 790 ನ್ಯೂಟನ್, ಅದು ಕೆಲ್ಸ ಮಾಡೋದು ನೆಲದಿಂದ 3.9 ಮೀಟರ್ ಎತ್ತರದಲ್ಲಿ. ದೀಪ, ಬ್ರಾಕೆಟ್ ಸೇರಿಸಿ ಬುಡದಲ್ಲಿ ಬೆಂಡಿಂಗ್ ಮೊಮೆಂಟ್ 4.2 ಕಿಲೋನ್ಯೂಟನ್ ಮೀಟರ್ ಆಸುಪಾಸು ಬರುತ್ತೆ.

ಗಾಳಿ ಪ್ಲೇಟಿನ ಮೂಲೆಯಿಂದ ಮೂಲೆಗೆ ಹೊಡೆದಾಗ ಕಷ್ಟ ಜಾಸ್ತಿ, ಯಾಕಂದ್ರೆ ಆಗ ಎಳೆತ ಪೂರ್ತಿ ಒಂದೇ ಬೋಲ್ಟಿನ ಮೇಲೆ. 4.2ನ್ನ 0.27ರಿಂದ ಭಾಗಿಸಿ, 15.5 ಕಿಲೋನ್ಯೂಟನ್. ಲೋಡ್ ಫ್ಯಾಕ್ಟರ್ 1.5 ಸೇರಿಸಿದ್ರೆ 23. ಮಾಮೂಲಿ 4.6 ಗ್ರೇಡಿನ ಎಂ24 ಬೋಲ್ಟು 98 ಕಿಲೋನ್ಯೂಟನ್‌ವರೆಗೂ ತಡೆಯುತ್ತೆ. ಹಾಗಾಗಿ ಬೋಲ್ಟ್ ಬಗ್ಗೆ ನಿದ್ದೆ ಕೆಡಿಸ್ಕೋಬೇಡಿ.

ಪ್ಲೇಟ್ ಹಾಗಲ್ಲ. ಅದೇ ಮೂಲೆ ಬೋಲ್ಟು ಕಂಬದ ಮೈಯಿಂದ 57 ಎಂಎಂ ಆಚೆ ಇದೆ, ಅಷ್ಟು ದೂರಕ್ಕೆ ಪ್ಲೇಟಿನ ಮೂಲೆ ಮೇಲಕ್ಕೆ ಬಾಗೋಕೆ ನೋಡುತ್ತೆ. 16 ಎಂಎಂಗೆ ಸ್ಟ್ರೆಸ್ 98 ಎಂಪಿಎ ಬರುತ್ತೆ, ಫ್ಯಾಕ್ಟರ್ ಸೇರಿಸಿ 148, ಲಿಮಿಟ್ 227, ಆರಾಮ್. 12 ಎಂಎಂಗೆ ಅದೇ 175, ಫ್ಯಾಕ್ಟರ್ ಸೇರಿಸಿದ್ರೆ 262, ಲಿಮಿಟ್ ದಾಟ್ತು. ಆದ್ರೆ ನಿಮ್ಮ ಸಪ್ಲೈಯರ್ ಪೂರಾ ಸುಳ್ಳನೂ ಅಲ್ಲ, ಪ್ಲೇಟಿಗೆ ಐಎಸ್ 800 (ಉಕ್ಕಿನ ಕಟ್ಟಡದ ಕೋಡ್) ಕೊಡೋ 1.2ರ ರಿಯಾಯಿತಿ ತಗೊಂಡ್ರೆ ಲಿಮಿಟ್ 272 ಆಗಿ ಕೂದಲೆಳೆಯಲ್ಲಿ ಪಾಸು. ಪಾಸಾಗೋದು ಬೇರೆ, ಗಟ್ಟಿಯಾಗಿ ನಿಲ್ಲೋದು ಬೇರೆ. ಬಾಗೋ ಗುಣ ದಪ್ಪದ ಘನಕ್ಕೆ ಸಂಬಂಧಪಟ್ಟಿದ್ದು, 12ರ ಪ್ಲೇಟು 16ಕ್ಕಿಂತ 2.4 ಪಟ್ಟು ಜಾಸ್ತಿ ಬಾಗುತ್ತೆ. ಪ್ಲೇಟ್ ಬಾಗಿದಷ್ಟೂ ಅದಕ್ಕೆ ಅಂಟ್ಕೊಂಡಿರೋ 3 ಎಂಎಂ ತಗಡನ್ನ ವೆಲ್ಡಿನ ಅಂಚಲ್ಲಿ ಹಿಂದಕ್ಕೂ ಮುಂದಕ್ಕೂ ಮಡಚ್ತಾ ಇರುತ್ತೆ. ಡಬ್ಬದ ಮುಚ್ಚಳ ಆ ಕಡೆ ಈ ಕಡೆ ಮಾಡಿ ಮುರಿಯಲ್ವಾ, ಹಾಗೆ. ಡ್ರಾಯಿಂಗಲ್ಲಿ 16 ಇದೆ, 16ರ ದುಡ್ಡೇ ಕೊಟ್ಟಿರ್ತೀರಿ, ವಾಪಸ್ ಕಳಿಸಿ.

ಒಂದು ವಿಷ್ಯ, ಐಎಸ್ 800ರ ಕಾಲಂ ಬೇಸ್ ಫಾರ್ಮುಲಾನ ಯಾರಾದ್ರೂ ತಂದು ತೋರಿಸಿ 12 ಸಾಕು ಅಂದ್ರೆ ಕೇಳ್ಬೇಡಿ. ಅದು ನೇರವಾಗಿ ಭಾರ ಹೊರೋ ಕಾಲಮ್ಮಿಗೆ. ಲೈಟ್ ಕಂಬದಲ್ಲಿ ಭಾರ ಏನೂ ಇಲ್ಲ, ಇರೋದೆಲ್ಲ ಬಾಗೋದೇ.

ಇನ್ನು 50 ಎಂಎಂ ಸಂದಿ. ಕಂಬದ ಮೇಲಿನ ಒಟ್ಟು ಅಡ್ಡ ಬಲ 0.9 ಕಿಲೋನ್ಯೂಟನ್, ನಾಲ್ಕು ಬೋಲ್ಟು ಹಂಚ್ಕೊಂಡ್ರೆ ಒಂದೊಂದ್ರಲ್ಲಿ ಇದ್ರಿಂದ ಬರೋ ಹೆಚ್ಚುವರಿ ಸ್ಟ್ರೆಸ್ 10-12 ಎಂಪಿಎ. ಏನೂ ಅಲ್ಲ. ಬಲದ ದೃಷ್ಟಿಯಿಂದ ನಿಮ್ಮ 22 ಫೌಂಡೇಶನ್ ಸರಿಯಾಗೇ ಇವೆ.

ಕಂಬಾರ ಓಣಿ, ಹುಬ್ಬಳ್ಳಿ

ಮೇಷ್ಟ್ರು ಹೇಳಿದ್ದು ಬರೋಬರಿ ಐತಿ ಆದ್ರ ಲೆಕ್ಕದಾಗ ಗುಜರಿಯವ ಬರಂಗಿಲ್ಲ ನೋಡ್ರಿ. ಪ್ಲೇಟ್ ಬುಡಕ ಅಷ್ಟು ಸಂದಿ ಬಿಟ್ರ ಎರಡ ತಿಂಗಳಿನ್ಯಾಗ ಕೆಳಗಿನ ನಟ್ ಮಾಯ. ಮ್ಯಾಲಿನ ನಟ್ ಎಲ್ಲಾರಿಗೂ ಕಾಣತೈತಿ, ಕೆಳಗಿಂದು ಯಾರಿಗೂ ಗೊತ್ತಾಗಂಗಿಲ್ಲ. ನಮ್ಮಲ್ಲೊಂದು ಲೇಔಟಿನ್ಯಾಗ ಮುಂಜಾನೆ ಹೋಗಿ ನೋಡಿದ್ರ ಕಂಬ ಒಂದ ಕಡೆ ವಾಲಿತ್ತು, ಬಗ್ಗಿ ನೋಡಿದ್ರ ಎರಡು ನಟ್ ಇಲ್ಲ, ಪ್ಲೇಟ್ ಗಾಳಿಯಾಗ ಐತಿ.

ಅದಕ್ಕ ನಾ ಹೇಳೂದು ಗ್ರೌಟ್ ಹಾಕ್ರಿ, ಆದ್ರ ಗೌಂಡಿ ಉಳಿದ ಮಾಲು ತಂದು ತುರುಕೂದು ಬ್ಯಾಡ. ಕುಗ್ಗದಂಥ ಗ್ರೌಟ್ ಚೀಲ ಸಿಗತೈತಿ, ಅದನ್ನ ತರಿಸ್ರಿ. ಸಾದಾ ಮಾಲು ಒಣಗಿದ ಮ್ಯಾಲೆ ಕುಗ್ಗಿ ಪ್ಲೇಟಿಗೂ ಅದಕ್ಕೂ ನಡಕ ಕೂದಲಷ್ಟು ಬಿರುಕ ಬಿಡತೈತಿ, ಆ ಬಿರುಕಿನ್ಯಾಗ ನೀರು ಹೊಕ್ಕರ ಹೊರಗ ಬರಂಗಿಲ್ಲ. ಮತ್ತ ಗ್ರೌಟ್ ಹಾಕೂವಾಗ ಕಾಂಕ್ರೀಟಿಗೆ ತಾಗಿಸಿ ಬೆರಳಷ್ಟು ದಪ್ಪ ಪೈಪ್ ತುಂಡು ಒಂದು ಆರಪಾರ ಇಡ್ರಿ, ಕಂಬದ ಒಳಗ ಬೆವರಿದ ನೀರು ಹರದ ಹೋಗಾಕ. ಕೇಬಲ್ ಪೈಪಿನ ಸುತ್ತ ಇಲಿ ಹೋಗದಂಗ ಮುಚ್ಚೂದು ಮರೀಬ್ಯಾಡ್ರಿ. ಮ್ಯಾಲೆ ಎರಡು ನಟ್ ಹಾಕಿ, ಬಿಗಿದ ಮ್ಯಾಲೆ ಥ್ರೆಡ್ಡಿಗೆ ಚಾಣದಿಂದ ಎರಡ ಏಟು ಕೊಟ್ಟುಬಿಡ್ರಿ, ಕಳ್ಳಗ ಪಾನಾ ಸಾಲಂಗಿಲ್ಲ.

ಹಿಮದೂರ ಕನ್ನಡಿಗ

ನಾನಿರೋದು ಅಮೆರಿಕದ ಮಿಡ್‌ವೆಸ್ಟಲ್ಲಿ, ಕೆಲಸ ಇದೇ ತರದ ಕಂಬಗಳ ಇನ್‌ಸ್ಪೆಕ್ಷನ್. ಹುಬ್ಬಳ್ಳಿ ಅಣ್ಣನ ಕಳ್ಳರ ಪಾಯಿಂಟ್ ಒಪ್ಪಿದೆ, ಆದ್ರೆ ನಿಮ್ಮ ಕನ್ಸಲ್ಟೆಂಟ್ ಯಾಕೆ ಓಪನ್ ಇರ್ಲಿ ಅಂದ್ರು ಅನ್ನೋದು ಹೇಳ್ತೀನಿ, ಅವ್ರಿಗೆ ಹೇಳೋಕೆ ಪುರುಸೊತ್ತು ಇರ್ಲಿಲ್ಲ ಅಂತ ಕಾಣುತ್ತೆ.

ಇಲ್ಲಿ ಆಶ್ಟೋ (ಅಮೆರಿಕದ ಹೆದ್ದಾರಿ ಇಲಾಖೆಗಳ ಸಂಘ) ನಿಯಮದ ಪ್ರಕಾರ ಪ್ಲೇಟಿನ ಕೆಳಗೊಂದು ನಟ್, ಮೇಲೊಂದು ನಟ್, ಎರಡರ ಮಧ್ಯೆ ಪ್ಲೇಟನ್ನ ಬಿಗಿಯಾಗಿ ಹಿಡಿಸೋದು. ಭಾರ ಎಲ್ಲಾ ಪ್ಲೇಟಿಂದ ಬೋಲ್ಟಿಗೇ ಇಳಿಯುತ್ತೆ, ಗ್ರೌಟನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಕೆಳಗಿನ ನಟ್ಟಿನ ತಳದಿಂದ ಕಾಂಕ್ರೀಟಿಗೆ ಒಂದು ಬೋಲ್ಟ್ ವ್ಯಾಸಕ್ಕಿಂತ ಜಾಸ್ತಿ ಸಂದಿ ಇಲ್ಲದಿದ್ರೆ ಬೋಲ್ಟ್ ಬಾಗೋದನ್ನ ಲೆಕ್ಕ ಮಾಡೋದೇ ಬೇಡ ಅಂತ ನಿಯಮ. ನಿಮ್ಮದು ಎಂ24ಗೆ 50, ಅಂದ್ರೆ ಎರಡು ವ್ಯಾಸ, ಹಾಗಾಗಿ ಲೆಕ್ಕ ಮಾಡ್ಬೇಕು, ಮೇಷ್ಟ್ರು ಮಾಡಿ ಪಾಸ್ ಅಂದಿದಾರೆ, ಮುಗೀತು.

ಓಪನ್ ಬಿಡೋದಕ್ಕೆ ಮುಖ್ಯ ಕಾರಣ ನಟ್ ಕಣ್ಣಿಗೆ ಕಾಣಬೇಕು ಅನ್ನೋದು. 2003ರ ನವೆಂಬರಲ್ಲಿ ಐಯೋವಾದ ಸೂ ಸಿಟಿ ಹತ್ರ ಹೆದ್ದಾರಿ ಪಕ್ಕದ 140 ಅಡಿ ಹೈಮಾಸ್ಟ್ ಕಂಬ ಬುಡದಲ್ಲೇ ಮುರಿದು ಬಿತ್ತು. ದೊಡ್ಡ ಸುಂಟರಗಾಳಿ ಬಂದು ಬೀಳಿಸಿದ್ದಲ್ಲ, ಟ್ಯೂಬು ಪ್ಲೇಟಿಗೆ ಸೇರೋ ವೆಲ್ಡಿನ ಜಾಗದಲ್ಲಿ ಗಾಳಿಯ ಅಲುಗಾಟಕ್ಕೆ ಬಿರುಕು ಹುಟ್ಟಿ ಮೆಲ್ಲಗೆ ಸುತ್ತಲೂ ಹರಡಿತ್ತು. ಆಮೇಲೆ ಬೇರೆ ಕಂಬಗಳನ್ನ ಪರೀಕ್ಷೆ ಮಾಡಿದಾಗ ಸಡಿಲ ಆಗಿರೋ ಆಂಕರ್ ನಟ್‌ಗಳೂ ಸಿಕ್ವು. ಒಂದು ನಟ್ ಸಡಿಲ ಆದ್ರೆ ಅದ್ರ ಪಾಲಿನ ಭಾರ ಪಕ್ಕದ ಬೋಲ್ಟಿಗೆ, ಅದ್ರ ಹತ್ತಿರದ ವೆಲ್ಡಿಗೆ ಹೋಗುತ್ತೆ. 9 ಮೀಟರ್ ಕಂಬಕ್ಕೂ ಹೈಮಾಸ್ಟಿಗೂ ಹೋಲಿಕೆ ಇಲ್ಲ ನಿಜ, ಆದ್ರೆ ಬಿರುಕು ಹುಟ್ಟೋ ಜಾಗ ಒಂದೇ. ಗಸೆಟ್ ಬೇಡ ಅಂದಿದ್ದೂ ಇದಕ್ಕೇ, ತೆಳು ತಗಡಿನ ಮೇಲೆ ಗಸೆಟ್ಟಿನ ಮೇಲ್ತುದಿ ಎಲ್ಲಿ ಮುಗಿಯುತ್ತೋ ಅಲ್ಲೇ ಹೊಸದೊಂದು ಬಿರುಕಿಗೆ ಮುಹೂರ್ತ ಇಟ್ಟಂಗೆ. ಪ್ಲೇಟ್ ದಪ್ಪ ಮಾಡೋದೇ ಮೇಲು.

ಬಿಗಿಯೋದು ಹೇಗೆ ಅಂತ ಯಾರೂ ಹೇಳ್ಲಿಲ್ಲ. ಥ್ರೆಡ್ಡಿಗೆ ಮೇಣನೋ ಗ್ರೀಸೋ ಸವರಿ. ಕೆಳಗಿನ ನಾಲ್ಕೂ ನಟ್ ಮಟ್ಟಗೋಲು ಇಟ್ಟು ಸಮ ಮಾಡಿ, ಕಂಬ ಕೂರಿಸಿ, ಮೇಲಿನ ನಟ್ಟನ್ನ ಎದುರು ಬದುರು ಜೋಡಿಯಾಗಿ ಒಬ್ಬ ಮನುಷ್ಯ ಮಾಮೂಲಿ ಪಾನಾದಲ್ಲಿ ಪೂರ್ತಿ ಶಕ್ತಿ ಹಾಕಿ ಬಿಗಿಯೋಷ್ಟು ಬಿಗಿರಿ. ಆಮೇಲೆ ನಟ್ಟಿಗೂ ಪ್ಲೇಟಿಗೂ ಸೇರಿಸಿ ಮಾರ್ಕರಲ್ಲಿ ಒಂದು ಗೆರೆ ಎಳೆದು ಇನ್ನೂ ಆರನೇ ಒಂದು ಸುತ್ತು ತಿರುಗಿಸಿ, ಅಂದ್ರೆ ಆರು ಮೂಲೆ ನಟ್ಟಲ್ಲಿ ಒಂದು ಮುಖ. ಮೆದು ಉಕ್ಕಿನ ಬೋಲ್ಟಿಗೆ ಇದು, ಗಟ್ಟಿ ಗ್ರೇಡಿಗೆ ಮೂರನೇ ಒಂದು ಸುತ್ತು. ಎರಡು ದಿನ ಬಿಟ್ಟು ಮತ್ತೆ ಬಂದು ನೋಡಿ. ಆ ಗೆರೆ ಹಾಗೇ ಇರ್ಲಿ, ಮುಂದೆ ಯಾರಾದ್ರೂ ಲೈನ್‌ಮ್ಯಾನ್ ಬಂದಾಗ ನಟ್ ತಿರುಗಿದೆಯಾ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ.

ಕಡಲ ಬದಿ

ನಾನು ಮಂಗಳೂರಿನವ. ಇದೇ ಕಂಬ ಇದೇ ಪ್ಲೇಟ್ ನಮ್ಮಲ್ಲಿಗೆ ಕಳ್ಸಿದ್ರೆ ಕಥೆ ಬೇರೆಯೇ ಮಾರಾಯ್ರೆ, ಇಲ್ಲಿಗೆ ವೇಗ 39, ಬರೀ 6 ಜಾಸ್ತಿ ಅಂತ ಕಾಣ್ತದೆ ಆದ್ರೆ ವರ್ಗ ಮಾಡಿದಾಗ ಒತ್ತಡ 40 ಪರ್ಸೆಂಟ್ ಏರ್ತದೆ. 12 ಎಂಎಂ ಆಗ ಯಾವ ರಿಯಾಯಿತಿ ಕೊಟ್ರೂ ಫೇಲ್. ಬೆಂಗಳೂರಿನ ಡ್ರಾಯಿಂಗನ್ನ ಹಾಗೇ ತಂದು ಕರಾವಳಿಯಲ್ಲಿ ಹಾಕುವವರು ಇದ್ದಾರೆ, ಅದಕ್ಕೆ ಹೇಳಿದ್ದು.

ಗ್ರೌಟ್ ವಿಷಯದಲ್ಲಿ ನಾನು ಅಮೆರಿಕದವರ ಪಕ್ಷ. ನಾವು ಒಂದು ಕಡೆ ಹಳೆ ಕಂಬ ತೆಗೀಲಿಕ್ಕೆ ಹೋದದ್ದು, ಹೊರಗಿಂದ ಗಾರೆ ಎಷ್ಟು ಚಂದ ಇಳಿಜಾರು ಮಾಡಿ ಮುಚ್ಚಿದ್ರು ಅಂದ್ರೆ ಪೇಂಟ್ ಸಹ ಹೊಡೆದಿದ್ರು. ಉಳಿ ಇಟ್ಟು ಒಡೆದ್ರೆ ಒಳಗೆ ಒದ್ದೆ ಒದ್ದೆ, ಕೆಂಪು ಕೆಸರು, ಬೋಲ್ಟು ನಡುವಿನಲ್ಲಿ ಸೊಂಟ ಹಿಡಿದ ಹಾಗೆ ಸಣ್ಣ ಆಗಿತ್ತು. ನೀರು ಹೊರಗೆ ಹೋಗ್ಲಿಕ್ಕೆ ದಾರಿಯೇ ಇಲ್ಲ. ಗ್ರೌಟ್ ಇಲ್ಲದೆ ಬಿಟ್ಟಿದ್ರೆ ತುಕ್ಕು ಹಿಡೀತಿತ್ತು ಹೌದು, ಆದ್ರೆ ಕಾಣ್ತಿತ್ತು. ಕಳ್ಳರ ಭಯ ಇದ್ರೆ ಸಂದಿಗೆ ಸುತ್ತ ತೂತಿನ ಜಾಲರಿ ಕಟ್ಟಿ, ಇಲಿಯೂ ಹೋಗುದಿಲ್ಲ ಕೈಯೂ ಹೋಗುದಿಲ್ಲ, ಗಾಳಿ ಮಾತ್ರ ಆಡ್ತದೆ. ಮತ್ತೆ ಕಾಂಕ್ರೀಟಿನ ತಲೆ ನೆಲದಿಂದ ಒಂದು ಗೇಣಾದ್ರೂ ಮೇಲೆ ಇರ್ಲಿ, ನಾಳೆ ರಸ್ತೆಗೆ ಡಾಂಬರ್ ಮೇಲೆ ಡಾಂಬರ್ ಹಾಕಿ ಹಾಕಿ ಬೇಸ್ ಪ್ಲೇಟೇ ಹೂತು ಹೋಗ್ತದೆ.

ನಗ್ಬೇಡಿ, ನಾಯಿಗಳನ್ನೂ ಲೆಕ್ಕಕ್ಕೆ ತಗೊಳ್ಳಿ. 2021ರಲ್ಲಿ ಜಪಾನಿನ ಸುಜುಕಾ ಊರಲ್ಲಿ ಒಂದು ಟ್ರಾಫಿಕ್ ಸಿಗ್ನಲ್ ಕಂಬ ಬುಡದಲ್ಲೇ ಮುರಿದು ಬಿದ್ದಾಗ ಪೊಲೀಸರೇ ಪರೀಕ್ಷೆ ಮಾಡಿ ನಾಯಿ ಮೂತ್ರದಿಂದ ತುಕ್ಕು ಹಿಡಿದದ್ದು ಅಂತ ಹೇಳಿದ್ರು. ಹಾಕಿ 23 ವರ್ಷ ಅಷ್ಟೇ ಆಗಿತ್ತಂತೆ.

ಕಂಬಾರ ಓಣಿ, ಹುಬ್ಬಳ್ಳಿ

ಜಾಲರಿ ಕಟ್ಟಿದ್ರ ಜಾಲರಿನೂ ಒಯ್ತಾರ್ರೀ ಸರ 😀 ಆದ್ರ ನೀವು ಹೇಳಿದ್ದು ಖರೆ, ನೀರಿಗೆ ದಾರಿ ಬಿಡದ ಗ್ರೌಟ್ ಹಾಕೂದಕ್ಕಿಂತ ಹಾಕದ ಇರೂದು ಚಲೋ. ಆ ಪೈಪ್ ತುಂಡು ಇಡೂದು ಗೌಂಡಿ ಮ್ಯಾಲೆ ಬಿಡಬ್ಯಾಡ್ರಿ, ನಿಂತು ಇಡಸ್ರಿ.

ತಗಡು ಟೋಪಿ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್, ಎರಡು ದಿನ ಸೈಟಲ್ಲೇ ಇದ್ದೆ, ಈಗ ಕೂತು ಬರೀತಿದೀನಿ.

ಪೀಣ್ಯ ಗುರು ಹೇಳಿದಂಗೆ ಐದು ಕಂಬ ಉರುಳಿಸಿ ಬೆರಳಾಡಿಸಿದೆ. ಎರಡ್ರಲ್ಲಿ ಸುತ್ತಲೂ ವೆಲ್ಡ್ ಇದೆ. ಮೂರ್ರಲ್ಲಿ ನಾಲ್ಕು ಕಡೆ ಹೆಬ್ಬೆರಳಿನಷ್ಟು ಉದ್ದ, ಮಧ್ಯ ಎಲ್ಲಾ ಚೂಪು ಮೂಲೆ, ಒಂದು ಕಡೆ ಪೋಸ್ಟ್‌ಕಾರ್ಡ್ ತೂರಿಸಿದ್ರೆ ಒಳಗೇ ಹೋಯ್ತು. ಫೋಟೋ, ವಿಡಿಯೋ ಎರಡೂ ಮಾಡಿ, ಪ್ಲೇಟಿನ ಮೇಲೆ ವರ್ನಿಯರ್ ಇಟ್ಟಿರೋದು ಕಾಣೋ ಹಂಗೆ ಕಳಿಸ್ದೆ. ಸಪ್ಲೈಯರ್ ಮೊದ್ಲು ಕೂಗಾಡ್ದ, ಆಮೇಲೆ ಮೇಷ್ಟ್ರ ಲೆಕ್ಕನ ನಮ್ಮ ಕನ್ಸಲ್ಟೆಂಟಿಗೆ ತೋರಿಸಿ ಅವ್ರು ಒಂದು ಸಾಲು ಮೇಲ್ ಹಾಕಿದ್ಮೇಲೆ ಲಾರಿ ವಾಪಸ್ ತಗೊಂಡು ಹೋದ. 16ರ ಪ್ಲೇಟಲ್ಲಿ ಬರುತ್ತೆ ಅಂದಿದಾನೆ, ಬಂದಾಗ ಎಲ್ಲಾ 64ನ್ನೂ ಉರುಳಿಸ್ತೀನಿ.

22 ಫೌಂಡೇಶನ್ನಿಗೆ ಒಂದು ಐಡಿಯಾ ಬಂದಿದೆ, ಡೈ ತಗೊಂಡು ಸೈಟಲ್ಲೇ ಇನ್ನು 50 ಎಂಎಂ ಕೆಳಗೆ ಥ್ರೆಡ್ ಕೊಯ್ದು ನಟ್ ಇಳಿಸಿದ್ರೆ ಹೇಗೆ? ಆಗ ಸಂದಿನೂ ಕಮ್ಮಿ ಆಗುತ್ತಲ್ಲ. ಮತ್ತೆ ಮೂರು ಫೌಂಡೇಶನ್ನಲ್ಲಿ ಬೋಲ್ಟ್ 8-10 ಎಂಎಂ ಆಚೀಚೆ ಆಗಿದೆ, ಹೆಲ್ಪರ್ ಹುಡುಗ ಗ್ಯಾಸ್ ಕಟ್ಟರ್ ತಂದು ಪ್ಲೇಟಿನ ತೂತು ದೊಡ್ಡದು ಮಾಡ್ತೀನಿ ಅಂತ ನಿಂತಿದ್ದ, ಸದ್ಯಕ್ಕೆ ನಿಲ್ಸಿದೀನಿ.

ಪೀಣ್ಯ ಸೆಕೆಂಡ್ ಸ್ಟೇಜ್

ಡೈ ಹಾಕ್ಬೇಡ ಗುರು. ಡೈನ ಮೇಲಿಂದಾನೇ ಇಳಿಸ್ಬೇಕು ತಾನೆ, ಇಳಿಯೋವಾಗ ಈಗಿರೋ ಥ್ರೆಡ್ಡಿನ ಜಿಂಕೆಲ್ಲಾ ಕೆರೆದು ಕೈಗೆ ಬರುತ್ತೆ. ಕೆಳಗಿನ 50ಕ್ಕೋಸ್ಕರ ಮೇಲಿನ 100 ಬೆತ್ತಲೆ ಆಗುತ್ತೆ. ಜಿಂಕ್ ಆದ ಬೋಲ್ಟಿಗೆ ಬರೋ ನಟ್ ಬೇರೆ ಸ್ವಲ್ಪ ದೊಡ್ಡದಾಗಿ ಟ್ಯಾಪ್ ಮಾಡಿರ್ತಾರೆ, ಜಿಂಕ್ ಹೋದ್ಮೇಲೆ ಅದು ಲೊಡಲೊಡ ಅನ್ನುತ್ತೆ. ಮೇಷ್ಟ್ರು ಪಾಸ್ ಅಂದಿದಾರಲ್ಲ, ಆ 22ನ್ನ ಹಾಗೇ ಬಿಡು. ಉಳಿದ 42ಕ್ಕೆ ಥ್ರೆಡ್ ಜಾಸ್ತಿ ಇರೋ ಬೋಲ್ಟ್ ಹೇಳು.

ಗ್ಯಾಸ್ ಕಟ್ಟರ್ ಹುಡುಗನ್ನ ಸೈಟಿಂದಾನೇ ಆಚೆ ಕಳ್ಸು. ಹೇಗಿದ್ರೂ ಹೊಸ ಪ್ಲೇಟ್ ಬರ್ತಿದೆ, ಆ ಮೂರು ಫೌಂಡೇಶನ್ನಿನ ಬೋಲ್ಟ್ ಜಾಗನ ಒಂದು ರಟ್ಟಿನ ಮೇಲೆ ಒತ್ತಿ ಅಚ್ಚು ತಗೊಂಡು ಫ್ಯಾಕ್ಟರಿಗೆ ಕಳ್ಸು, ಜಿಂಕಿಗೆ ಮುಂಚೆನೇ ಸರಿಯಾದ ಜಾಗದಲ್ಲಿ ತೂತು ಹಾಕಿಸು. ಯಾವ ಕಂಬ ಯಾವ ಫೌಂಡೇಶನ್ನಿಗೆ ಅಂತ ನಂಬರ್ ಪಂಚ್ ಹೊಡೆಸು, ಪೇಂಟಲ್ಲಿ ಬರೆದ್ರೆ ಜಿಂಕ್ ತೊಟ್ಟಿಯಲ್ಲಿ 450 ಡಿಗ್ರಿಗೆ ಏನೂ ಉಳಿಯಲ್ಲ.

ಲೆಕ್ಕದ ಮೇಷ್ಟ್ರು

ಉಳಿದ 42ಕ್ಕೆ ಬೋಲ್ಟ್ ಎಷ್ಟು ಮೇಲೆ ಬರ್ಬೇಕು ಅಂತ ಕೂಡಿ ಕೊಡ್ತೀನಿ, ಮೇಸ್ತ್ರಿಗೆ ಕೊಡಿ. ಸಂದಿ 24, ಕೆಳಗಿನ ನಟ್ 20, ವಾಷರ್ 4, ಪ್ಲೇಟ್ 16, ವಾಷರ್ 4, ಮೇಲಿನ ನಟ್ 20, ಲಾಕ್ ನಟ್ 12, ಮೇಲೆ ಮೂರು ಥ್ರೆಡ್ ಕಾಣೋಕೆ 9. ಒಟ್ಟು 109, ಅಂದ್ರೆ 110 ಎಂಎಂ. ಥ್ರೆಡ್ 150 ಇರ್ಲಿ, ಕಾಂಕ್ರೀಟ್ ಒಳಗೆ ಸ್ವಲ್ಪ ಹೋದ್ರೂ ಪರವಾಗಿಲ್ಲ. ಟೆಂಪ್ಲೇಟ್ (ಬೋಲ್ಟುಗಳನ್ನ ಜಾಗದಲ್ಲಿ ಹಿಡಿಯೋ ತೂತಿನ ತಗಡು) ಮೇಲೊಂದು ಮಾತ್ರ ಹಾಕಿದ್ರೆ ವೈಬ್ರೇಟರ್ ಇಟ್ಟಾಗ ಬೋಲ್ಟಿನ ತಳ ಓಡುತ್ತೆ, ಕೆಳಗೂ ಒಂದು ಕಟ್ಟಿಸಿ. ಥ್ರೆಡ್ಡಿಗೆ ಟೇಪ್ ಸುತ್ತೋದು ಮರೀಬೇಡಿ, ಸಿಮೆಂಟ್ ಹಾಲು ಹತ್ತಿದ್ರೆ ಆಮೇಲೆ ನಟ್ ಹತ್ತಲ್ಲ.

ತಗಡು ಟೋಪಿ

ಸರಿ ಸರ್. 22ಕ್ಕೆ ಕುಗ್ಗದ ಗ್ರೌಟು, ಪೈಪ್ ತುಂಡು ಇಟ್ಟು, ನಾನೇ ನಿಂತು ಹಾಕಿಸ್ತೀನಿ, ಅಷ್ಟು ದೊಡ್ಡ ಸಂದಿ ನೋಡಿದ್ರೆ ಓಪನ್ ಬಿಡೋಕೆ ನಂಗೇ ಧೈರ್ಯ ಬರ್ತಿಲ್ಲ. ನಟ್ ಮೊದ್ಲು ಬಿಗಿದು, ಎರಡು ದಿನ ಬಿಟ್ಟು ನೋಡಿ, ಆಮೇಲೆ ಗ್ರೌಟ್. 42 ಓಪನ್. ಕೊನೇದಾಗಿ ಒಂದು, ಕಂಬದ ಕೆಳಗಿನ ಜಂಕ್ಷನ್ ಬಾಕ್ಸ್ ಬಾಗಿಲು ಯಾವ ಕಡೆ ಬರ್ಬೇಕು, ಅದಕ್ಕೆ ತಕ್ಕಂಗೆ ಟೆಂಪ್ಲೇಟ್ ತಿರುಗಿಸ್ಬೇಕಾ?

ಪೀಣ್ಯ ಸೆಕೆಂಡ್ ಸ್ಟೇಜ್

ಚೌಕ ಪ್ಲೇಟಲ್ವಾ, ನಾಲ್ಕು ದಿಕ್ಕಿಗೂ ಕೂರುತ್ತೆ, ಆದ್ರೆ ಬ್ರಾಕೆಟ್ ರಸ್ತೆ ಕಡೆ ಬಂದಾಗ ಬಾಗಿಲು ಎಲ್ಲಿ ಬರುತ್ತೆ ಅಂತ ಫ್ಯಾಕ್ಟರಿಯಲ್ಲೇ ಹೇಳಿ ಇಡು. ಫುಟ್‌ಪಾತ್ ಕಡೆ ಇರ್ಲಿ, ಕೂತು ಫ್ಯೂಸ್ ಹಾಕೋನಿಗೆ ಬೆನ್ನ ಹಿಂದೆ ಗಾಡಿ ಬರ್ಬಾರ್ದು. ಮತ್ತೆ ಚರಂಡಿ ಎಲ್ಲಿದೆ ನೋಡ್ಕೋ, ಹೋದ ಸಲ ಒಂದು ಕಡೆ ಬಾಗಿಲು ಸರಿಯಾಗಿ ಚರಂಡಿ ಮೇಲೆ ಬಂದಿತ್ತು, ಎಲೆಕ್ಟ್ರಿಷಿಯನ್ ಹಲಗೆ ಹಾಕ್ಕೊಂಡು ಕೂತು ಕನೆಕ್ಷನ್ ಕೊಟ್ಟ.